ಗುಂಡಿಗೆ ಒಂದು ಅಳತೆ, ವೇಗಕ್ಕೆ ಇನ್ನೊಂದು: ಇಂಗ್ಲೆಂಡಿನ ಕೌನ್ಸಿಲ್ ರಸ್ತೆ ಕೆಲಸವನ್ನು ಹೇಗೆ ನಿರ್ಧರಿಸುತ್ತದೆ?

ಪ್ರಶ್ನೆ – ಹೊಳೆದಂಡೆ

ಮಾನ್ಯರೇ,

ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರ ಅಂಚಿನಲ್ಲಿ ವಾಸವಾಗಿರುವ ನಾನು ನಮ್ಮ ಬೀದಿಯ ಕೆಲವು ಕುಟುಂಬಗಳ ಪರವಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ನಮ್ಮ ಮನೆಗಳ ಮುಂದಿನ ರಸ್ತೆ ಬಿ ದರ್ಜೆಯದು. ಅದರ ಒಂದು ತಿರುವಿನ ಆಚೆಗೇ ಪ್ರಾಥಮಿಕ ಶಾಲೆಯ ಗೇಟು ಇದೆ. ಚಳಿಗಾಲ ಮುಗಿಯುವ ಹೊತ್ತಿಗೆ ಆ ತಿರುವಿನ ಎಡ ಅಂಚಿನಲ್ಲಿ ಡಾಂಬರು ಕಿತ್ತುಬಂದು ಉದ್ದನೆಯ ಗುಂಡಿ ಬಿದ್ದಿದೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಅದನ್ನು ತಪ್ಪಿಸಲು ರಸ್ತೆಯ ನಡುವಿಗೆ ಸರಿಯುತ್ತಾರೆ. ಹಿಂದಿನಿಂದ ಬರುವ ಕಾರಿನವರಿಗೆ ಮಾತ್ರ ತಿರುವು ಮುಗಿಯುವವರೆಗೂ ಆ ಮಕ್ಕಳು ಕಾಣುವುದಿಲ್ಲ.

ನಾವು ಎರಡು ಬೇಡಿಕೆಗಳನ್ನು ಸಲ್ಲಿಸಿದ್ದೆವು. ಗುಂಡಿ ಮುಚ್ಚಿ ಎಂದು ಕೇಳಿದ್ದಕ್ಕೆ "ತಪಾಸಣೆ ನಡೆಸಲಾಗಿದೆ, ದೋಷವು ಕ್ರಮ ಕೈಗೊಳ್ಳುವ ಮಟ್ಟವನ್ನು ತಲುಪಿಲ್ಲ" ಎಂಬ ಉತ್ತರ ಬಂತು. ಶಾಲೆಯ ಮುಂದೆ ವಾಹನಗಳ ವೇಗ ತಗ್ಗಿಸಿ ಎಂದು ಕೇಳಿದ್ದಕ್ಕೆ, ಅಲ್ಲಿ ಗಾಯದ ಅಪಘಾತಗಳ ದಾಖಲೆ ಇಲ್ಲವಾದ್ದರಿಂದ ಸ್ಥಳವು ಆದ್ಯತಾ ಪಟ್ಟಿಯಲ್ಲಿ ಬರುವುದಿಲ್ಲ ಎಂದು ಬೇರೊಂದು ವಿಭಾಗ ಬರೆಯಿತು. ಇದರ ನಡುವೆ ಡಿಸ್ಟ್ರಿಕ್ಟ್ ಕೌನ್ಸಿಲಿನ ಸದಸ್ಯರೊಬ್ಬರು ರಸ್ತೆ ತಮ್ಮ ವ್ಯಾಪ್ತಿಗೇ ಸೇರಿದ್ದಲ್ಲ ಎಂದುಬಿಟ್ಟರು.

ನಮ್ಮ ಕಣ್ಣಿಗೆ ಗುಂಡಿ ಮತ್ತು ವೇಗ ಒಂದೇ ತಿರುವಿನ ಒಂದೇ ಅಪಾಯ. ಕೌನ್ಸಿಲ್ ಇವನ್ನು ಎರಡಾಗಿ ಒಡೆದು ಎರಡು ಕಡೆಯಿಂದಲೂ ಇಲ್ಲ ಎನ್ನುವುದೇಕೆ? ರಸ್ತೆಯನ್ನು ಸುಸ್ಥಿತಿಯಲ್ಲಿಡುವುದು ಅವರ ಕಾನೂನುಬದ್ಧ ಕರ್ತವ್ಯವಲ್ಲವೇ? ಮುಂದಿನ ಅರ್ಜಿಯನ್ನು ಯಾರಿಗೆ, ಹೇಗೆ ಬರೆದರೆ ಪ್ರಯೋಜನವಾದೀತು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ – ಜಲ್ಲಿಕಲ್ಲು

ಕೌಂಟಿ ಕೌನ್ಸಿಲೊಂದರ ಹೆದ್ದಾರಿ ವಿಭಾಗದಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದವನು ನಾನು. ಆದ್ದರಿಂದ ಒಳಗಿನಿಂದ ಕಂಡದ್ದನ್ನು ಹೇಳಬಲ್ಲೆ.

ಆ ಸದಸ್ಯರು ಹೇಳಿದ್ದು ಸರಿ. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಹಂತದ ಆಡಳಿತವಿರುವ ಕಡೆ ಹೆದ್ದಾರಿ ಪ್ರಾಧಿಕಾರ, ಅಂದರೆ ಸಾರ್ವಜನಿಕ ರಸ್ತೆಗಳ ಹೊಣೆ ಹೊತ್ತ ಸಂಸ್ಥೆ, ಕೌಂಟಿ ಕೌನ್ಸಿಲ್. ಡಿಸ್ಟ್ರಿಕ್ಟ್ ಕೌನ್ಸಿಲಿಗೆ ಡಾಂಬರಿನ ಗೊಡವೆ ಇಲ್ಲ. ಒಂದೇ ಹಂತದ ಯೂನಿಟರಿ ಕೌನ್ಸಿಲ್ ಇದ್ದರೆ ಹೊಣೆ ಅದರದೇ. ಮೋಟಾರುಮಾರ್ಗಗಳು ಮತ್ತು ಪ್ರಮುಖ ಎ ರಸ್ತೆಗಳು ಮಾತ್ರ ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಕಂಪನಿಗೆ ಸೇರಿವೆ. 2021ರವರೆಗೆ ಅದಕ್ಕೆ ಹೈವೇಸ್ ಇಂಗ್ಲೆಂಡ್ ಎಂಬ ಹೆಸರಿತ್ತು. ಇಂಗ್ಲೆಂಡಿನ ರಸ್ತೆಗಳ ಉದ್ದದಲ್ಲಿ ಅದರ ಪಾಲು ಶೇಕಡಾ 2ರ ಆಸುಪಾಸು ಮಾತ್ರ, ಆದರೆ ಒಟ್ಟು ಸಂಚಾರದ ಸುಮಾರು ಮೂರನೆಯ ಒಂದು ಭಾಗ ಅದರ ಮೇಲೆಯೇ ಓಡುತ್ತದೆ. ನಿಮ್ಮ ಬಿ ರಸ್ತೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು "ಕ್ರಮ ಕೈಗೊಳ್ಳುವ ಮಟ್ಟ" ಎಂಬುದರ ವಿಚಾರ. ರಸ್ತೆ ನಿರ್ವಹಣೆಗೆ ಸಂಬಂಧಿಸಿದ 2005ರ ಹಳೆಯ ಕಾರ್ಯಸಂಹಿತೆಯ ಜಾಗಕ್ಕೆ 2016ರ ಅಕ್ಟೋಬರಿನಲ್ಲಿ ಹೊಸ ರಾಷ್ಟ್ರೀಯ ಸಂಹಿತೆ ಬಂತು. ಅದನ್ನು ಅಳವಡಿಸಿಕೊಳ್ಳಲು ಕೌನ್ಸಿಲುಗಳಿಗೆ 2018ರ ಅಕ್ಟೋಬರಿನವರೆಗೆ ಕಾಲಾವಕಾಶವಿತ್ತು. ಎಲ್ಲ ರಸ್ತೆಗೂ ಒಂದೇ ಅಳತೆ ಎಂಬುದನ್ನು ಬಿಟ್ಟು, ಪ್ರತಿ ಕೌನ್ಸಿಲೂ ತನ್ನ ರಸ್ತೆಗಳ ಅಪಾಯವನ್ನು ತಾನೇ ಅಂದಾಜು ಮಾಡಿ ದುರಸ್ತಿಯ ಅವಧಿಯನ್ನು ಗೊತ್ತುಪಡಿಸಬೇಕು ಎಂಬುದು ಅದರ ತಿರುಳು. ಆದರೂ ವಾಹನ ಓಡಾಡುವ ಭಾಗದಲ್ಲಿ 40 ಮಿಲಿಮೀಟರ್ ಆಳ ಎಂಬ ಅಳತೆಯನ್ನು ಅನೇಕ ಕೌನ್ಸಿಲುಗಳು ಈಗಲೂ ಕೈಬಿಟ್ಟಿಲ್ಲ. ತಪಾಸಕರು ವ್ಯಾನಿನಲ್ಲಿ ನಿಧಾನವಾಗಿ ಹೋಗುತ್ತಾ ನೋಡುತ್ತಾರೆ. ಅಂದು ಗುಂಡಿಯಲ್ಲಿ ನೀರು ನಿಂತಿದ್ದರೆ ಆಳ ತಿಳಿಯುವುದೇ ಇಲ್ಲ.

ಆಳವೊಂದೇ ಲೆಕ್ಕವಲ್ಲ ಎಂಬುದನ್ನು ನೀವು ಹಿಡಿದುಕೊಳ್ಳಬೇಕು. ತಪಾಸಕರ ಕೈಯಲ್ಲಿರುವ ಕೋಷ್ಟಕದಲ್ಲಿ ಎರಡು ಪ್ರಶ್ನೆಗಳಿರುತ್ತವೆ: ಈ ದೋಷದಿಂದ ಯಾರಿಗಾದರೂ ತೊಂದರೆಯಾಗುವ ಸಂಭವ ಎಷ್ಟು, ಹಾಗೇನಾದರೂ ಆದರೆ ಅದರ ಪರಿಣಾಮ ಎಷ್ಟು ಗಂಭೀರ. ಕಾರಿನ ಚಕ್ರಕ್ಕೆ ಏನೂ ಅಲ್ಲದ ಗುಂಡಿ ಸೈಕಲ್ ಸಾಗುವ ಗೆರೆಯಲ್ಲಿದ್ದರೆ ಅಂಕ ಬದಲಾಗುತ್ತದೆ. "ರಸ್ತೆಯಲ್ಲಿ ದೊಡ್ಡ ಗುಂಡಿ" ಎಂದು ಬರೆದ ದೂರು ಕಡತಗಳ ರಾಶಿಯಲ್ಲಿ ಮುಳುಗುತ್ತದೆ. ಅದರ ಬದಲು ಅಂಚುಗಲ್ಲಿನಿಂದ ಗುಂಡಿ ಎಷ್ಟು ದೂರದಲ್ಲಿದೆ, ಅದರ ಉದ್ದ ಎಷ್ಟು, ಅದು ತಿರುವಿನ ಯಾವ ಭಾಗದಲ್ಲಿದೆ, ಶಾಲೆಯ ಸೈಕಲ್ ಸವಾರರು ಅದರಿಂದಾಗಿ ಯಾವ ಕಡೆಗೆ ಸರಿಯುತ್ತಾರೆ ಎಂಬುದನ್ನು ಬರೆಯಿರಿ. ಚಿತ್ರವನ್ನು ಪಾದಚಾರಿ ಮಾರ್ಗದ ಮೇಲೆ ನಿಂತೇ ತೆಗೆಯಿರಿ. ಅಳತೆಪಟ್ಟಿ ಹಿಡಿದು ತಿರುವಿನಲ್ಲಿ ಕುಕ್ಕರಗಾಲಲ್ಲಿ ಕುಳಿತವರನ್ನು ನಾನು ಕಂಡಿದ್ದೇನೆ, ಆ ಸಾಹಸ ಬೇಡ.

ಗುಂಡಿ ಬಿದ್ದದ್ದು ಏಕೆ ಎಂಬುದನ್ನೂ ನೋಡಬೇಕು. ಡಾಂಬರಿನ ಬಿರುಕಿಗೆ ನೀರು ಇಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ಸಡಿಲಗೊಂಡ ಪದರವನ್ನು ಚಕ್ರಗಳು ಕಿತ್ತೊಗೆಯುತ್ತವೆ. ರಸ್ತೆಯ ನಡುವೆ ಅಲ್ಲದೆ ಅಂಚಿನುದ್ದಕ್ಕೂ ಹೀಗಾಗಿದೆ ಎಂದರೆ ನೀರು ಅಲ್ಲೇ ನಿಲ್ಲುತ್ತಿದೆ ಎಂದರ್ಥ. ಮಳೆ ನಿಂತ ಮೇಲೆ ಹೋಗಿ ಅಂಚುಗಲ್ಲಿನ ಪಕ್ಕದ ಚರಂಡಿಬಾಯಿಯ ಕಬ್ಬಿಣದ ಜಾಲರಿಯನ್ನು ನೋಡಿ. ಎಲೆ ಕೊಳೆತ ಕಪ್ಪು ಕೆಸರು ಜಾಲರಿಯ ಮಟ್ಟಕ್ಕೆ ತುಂಬಿಕೊಂಡು ಅದರ ಮೇಲೆ ಹುಲ್ಲು ಮೊಳೆತಿದ್ದರೆ ನಿಮ್ಮ ಗುಂಡಿಯ ಮೂಲ ಅಲ್ಲಿದೆ. ಅದನ್ನು ಗುಂಡಿಯ ದೂರಿನೊಳಗೆ ಸೇರಿಸದೆ ಪ್ರತ್ಯೇಕ ದೋಷವಾಗಿ ದಾಖಲಿಸಿ, ಏಕೆಂದರೆ ಚರಂಡಿ ತೆರವುಗೊಳಿಸುವ ತಂಡವೇ ಬೇರೆ, ಅದರ ಹಣವೂ ಬೇರೆ. ನೀರಿಗೆ ದಾರಿ ಮಾಡದೆ ಹಾಕಿದ ತೇಪೆ ಮುಂದಿನ ಚಳಿಗಾಲದಲ್ಲಿ ಮತ್ತೆ ಎದ್ದುಬರುತ್ತದೆ, ಆಗ ನೀವೂ ಮತ್ತೆ ದೂರು ಬರೆಯುತ್ತೀರಿ.

ಗುಂಡಿ ನೇರವಾದ, ಕತ್ತರಿಸಿದಂಥ ಅಂಚಿನ ಪಟ್ಟಿಯ ಮೇಲಿದೆಯೇ ಎಂಬುದನ್ನೂ ಗಮನಿಸಿ. ನೀರು, ಅನಿಲ, ಕೇಬಲ್ ಕಂಪನಿಗಳು ಅಗೆದು ಮುಚ್ಚಿದ ಗುರುತು ಅದು. ರಸ್ತೆ ಅಗೆತಕ್ಕೆ ಸಂಬಂಧಿಸಿದ 1991ರ ಕಾಯಿದೆಯಡಿ ಹಾಗೆ ಮುಚ್ಚಿದ ಜಾಗಕ್ಕೆ ಎರಡು ವರ್ಷ, ಆಳವಾದ ಅಗೆತವಾದರೆ ಮೂರು ವರ್ಷ, ಅಗೆದವರೇ ಖಾತರಿ ಕೊಡಬೇಕು. ಅವಧಿಯೊಳಗೆ ಕುಸಿದಿದ್ದರೆ ದುರಸ್ತಿಯ ಖರ್ಚು ಕೌನ್ಸಿಲಿನದಲ್ಲ. ತನ್ನ ಕಿಸೆಗೆ ಹೊರೆಯಾಗದ ಕೆಲಸವನ್ನು ಮಾಡಿಸುವುದರಲ್ಲಿ ಕೌನ್ಸಿಲ್ ತೋರುವ ಚುರುಕು ನಿಮ್ಮನ್ನು ಬೆರಗುಗೊಳಿಸಬಹುದು.

ಹಣದ ಬಗ್ಗೆ ಒಂದು ಮಾತು. ಡಾಂಬರು ಉದ್ಯಮದ ಒಕ್ಕೂಟದ 2025ರ ವಾರ್ಷಿಕ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನ ಸ್ಥಳೀಯ ರಸ್ತೆಗಳ ಬಾಕಿ ದುರಸ್ತಿಗೆ 1,681 ಕೋಟಿ ಪೌಂಡ್ ಬೇಕು. ಡಾಂಬರು ಮಾರುವವರೇ ಹೇಳುವ ಲೆಕ್ಕವೆಂದು ಅದರಲ್ಲಿ ಸ್ವಲ್ಪ ಕಳೆದರೂ ಉಳಿಯುವ ಮೊತ್ತ ಸಣ್ಣದೇನಲ್ಲ. ಇಂಥ ಸ್ಥಿತಿಯಲ್ಲಿ ಎಂಜಿನಿಯರುಗಳು ಪೂರ್ತಿ ಹಾಳಾದ ರಸ್ತೆಗಿಂತ ಇನ್ನೂ ಹಾಳಾಗದ ರಸ್ತೆಗೆ ಮೊದಲು ಹಣ ಹಾಕಲು ಬಯಸುತ್ತಾರೆ. ಬಿಸಿ ಬಿಟುಮೆನ್ ಸಿಂಪಡಿಸಿ ಅದರ ಮೇಲೆ ಸಣ್ಣ ಜಲ್ಲಿ ಹರಡಿ ಉರುಳೆ ಹೊಡೆದರೆ ಒಳ್ಳೆಯ ರಸ್ತೆಗೆ ನೀರು ಇಳಿಯದಂತೆ ಎಷ್ಟೋ ವರ್ಷ ತಡೆಯಬಹುದು. ಪೂರ್ತಿ ಕೆಟ್ಟ ರಸ್ತೆಯನ್ನು ಅಗೆದು ಮರುನಿರ್ಮಿಸುವ ವೆಚ್ಚದ ಸಣ್ಣ ಪಾಲು ಇದಕ್ಕೆ ಸಾಕು. ಪಕ್ಕದ ಚೆನ್ನಾಗಿರುವ ರಸ್ತೆಗೆ ಜಲ್ಲಿ ಬಿದ್ದು ನಮ್ಮ ಗುಂಡಿ ಹಾಗೇ ಉಳಿಯಿತು ಎಂದು ಜನ ಸಿಟ್ಟಾಗುವುದು ಸಹಜ, ಆದರೆ ಇದೊಂದು ವಿಷಯದಲ್ಲಿ ನಾನು ನನ್ನ ಹಳೆಯ ಸಹೋದ್ಯೋಗಿಗಳ ಪಕ್ಷ.

ಉತ್ತರ – ಕಟ್ಟೆಪುರಾಣ

ಕಾನೂನಿನ ಪ್ರಶ್ನೆಗೆ ಸಂಬಂಧಿಸಿದಂತೆ ನಾಲ್ಕು ಮಾತು. ಇದು ಸಾಮಾನ್ಯ ಮಾಹಿತಿ ಮಾತ್ರ, ಮೊಕದ್ದಮೆ ಹೂಡುವವರು ವಕೀಲರನ್ನು ಕಾಣಬೇಕು.

ಗುಂಡಿ ಮತ್ತು ವೇಗದ ಬಗ್ಗೆ ನೀವು ಸಲ್ಲಿಸಿದ ಎರಡು ಬೇಡಿಕೆಗಳ ಹಿಂದೆ ಎರಡು ಬೇರೆ ಕಾಯಿದೆಗಳಿವೆ. ರಸ್ತೆಯನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯ ಬರುವುದು 1980ರ ಹೆದ್ದಾರಿ ಕಾಯಿದೆಯ 41ನೇ ಕಲಮಿನಿಂದ. ಇದು ಗಟ್ಟಿಯಾದ ಕರ್ತವ್ಯ, ಇದು ಮುರಿದುಬಿದ್ದು ನಷ್ಟವಾದರೆ ಪ್ರಜೆಯು ಪರಿಹಾರ ಕೇಳಬಹುದು. ಆದರೆ ಅದೇ ಕಾಯಿದೆಯ 58ನೇ ಕಲಮು ಕೌನ್ಸಿಲಿಗೆ ಒಂದು ಗುರಾಣಿಯನ್ನೂ ಕೊಟ್ಟಿದೆ. ಆ ದರ್ಜೆಯ ರಸ್ತೆಗೆ, ಅಲ್ಲಿನ ಸಂಚಾರಕ್ಕೆ ತಕ್ಕಷ್ಟು ಎಚ್ಚರಿಕೆಯನ್ನು ತಾನು ವಹಿಸಿದ್ದೆ ಎಂದು ತೋರಿಸಿದರೆ ಕೌನ್ಸಿಲ್ ಹೊಣೆಯಿಂದ ಪಾರಾಗುತ್ತದೆ. ದೋಷದ ಬಗ್ಗೆ ಅದಕ್ಕೆ ತಿಳಿದಿತ್ತೇ, ಅಥವಾ ತಿಳಿದಿರಬೇಕಿತ್ತೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸುತ್ತದೆ. ನಿಮ್ಮ ಲಿಖಿತ ದೂರಿಗೆ ಬೆಲೆ ಬರುವುದು ಇಲ್ಲೇ. ಉತ್ತರ ನಿರಾಶೆ ತಂದರೂ ದೂರಿನ ಸಂಖ್ಯೆ, ದಿನಾಂಕ, ಚಿತ್ರ ಎಲ್ಲವನ್ನೂ ಜೋಪಾನವಾಗಿಡಿ.

ಮಂಜುಗಡ್ಡೆಯ ವಿಷಯದಲ್ಲಿ ಈ ಕರ್ತವ್ಯ ಎಲ್ಲಿಯವರೆಗೆ ಎಂಬ ವಿವಾದವೂ ನಡೆದಿತ್ತು. ಹೆಪ್ಪುಗಟ್ಟಿದ ರಸ್ತೆಗೆ ಉಪ್ಪು ಹಾಕುವುದು 41ನೇ ಕಲಮಿನ ನಿರ್ವಹಣೆಯೊಳಗೆ ಬರುವುದಿಲ್ಲ ಎಂದು ಈಸ್ಟ್ ಸಸೆಕ್ಸ್ ಕೌನ್ಸಿಲಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2000ದಲ್ಲಿ ತೀರ್ಪಿತ್ತಿತು. ಸಂಸತ್ತು 2003ರ ಕಾಯಿದೆಯ ಮೂಲಕ ಆ ಕಲಮಿಗೆ ಉಪಕಲಮು ಸೇರಿಸಿ, ಹಿಮ ಮತ್ತು ಮಂಜುಗಡ್ಡೆಯಿಂದ ಸಂಚಾರಕ್ಕೆ ಅಪಾಯವಾಗದಂತೆ ಸಾಧ್ಯವಾದ ಮಟ್ಟಿಗೆ ನೋಡಿಕೊಳ್ಳುವುದನ್ನೂ ಕರ್ತವ್ಯವಾಗಿಸಿತು.

ರಸ್ತೆ ಸುರಕ್ಷತೆಯ ಕಥೆ ಬೇರೆ. 1988ರ ರಸ್ತೆ ಸಂಚಾರ ಕಾಯಿದೆಯ 39ನೇ ಕಲಮಿನ ಪ್ರಕಾರ ಕೌನ್ಸಿಲ್ ತನ್ನ ರಸ್ತೆಗಳ ಅಪಘಾತಗಳನ್ನು ಅಧ್ಯಯನ ಮಾಡಬೇಕು, ಸುರಕ್ಷತಾ ಕಾರ್ಯಕ್ರಮವೊಂದನ್ನು ಸಿದ್ಧಪಡಿಸಿ ನಡೆಸಬೇಕು. ಆದರೆ ಯಾವ ತಿರುವಿನಲ್ಲಿ ಯಾವ ಫಲಕ ಎಂಬುದನ್ನು ಅದರ ವಿವೇಚನೆಗೆ ಬಿಡಲಾಗಿದೆ. ಏರುದಿಣ್ಣೆಯೊಂದರ ತುದಿಯಲ್ಲಿ ಎದುರಿಗೆ ಬಸ್ಸು ಕಂಡು ಗಾಬರಿಯಿಂದ ಬ್ರೇಕ್ ಹಾಕಿ ತೀವ್ರವಾಗಿ ಗಾಯಗೊಂಡ ಚಾಲಕಿಯೊಬ್ಬರು, ರಸ್ತೆಯ ಮೇಲೆ ನಿಧಾನ ಎಂಬ ಎಚ್ಚರಿಕೆ ಬರೆಯದಿದ್ದುದು ಕಾಲ್ಡರ್‌ಡೇಲ್ ಕೌನ್ಸಿಲಿನ ತಪ್ಪು ಎಂದು ವಾದಿಸಿದ್ದರು. 39ನೇ ಕಲಮು ವ್ಯಕ್ತಿಗೆ ಪರಿಹಾರ ಕೇಳುವ ಹಕ್ಕು ಕೊಡುವುದಿಲ್ಲ ಎಂದು 2004ರಲ್ಲಿ ಲಾರ್ಡ್ಸ್ ಆ ವಾದವನ್ನು ತಳ್ಳಿಹಾಕಿದರು. ರಸ್ತೆ ಕೆಟ್ಟರೆ ಕಾನೂನು ಕೌನ್ಸಿಲಿನ ಬೆನ್ನಟ್ಟುತ್ತದೆ, ರಸ್ತೆಯ ವಿನ್ಯಾಸವೇ ಅಪಾಯಕಾರಿಯಾಗಿದ್ದರೆ ಹಾಗೆ ಬೆನ್ನಟ್ಟುವುದಿಲ್ಲ. ನಿಮ್ಮ ಎರಡು ಅರ್ಜಿಗಳು ಎರಡು ಮೇಜಿಗೆ ಹೋದದ್ದಕ್ಕೆ ಮೂಲ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಪರಿಹಾರದ ಹಣ ಬೇಡ, ರಸ್ತೆ ಸರಿಯಾದರೆ ಸಾಕು ಎನ್ನುವವರಿಗೆ 1980ರ ಕಾಯಿದೆಯ 56ನೇ ಕಲಮು ಇದೆ. ಯಾವ ನಾಗರಿಕರಾದರೂ ಕೌನ್ಸಿಲಿಗೆ ನೋಟಿಸು ಕೊಟ್ಟು, ಆ ರಸ್ತೆಯ ಹೊಣೆ ತನ್ನದೆಂದು ಒಪ್ಪಿಕೊಳ್ಳುತ್ತದೆಯೇ ಎಂದು ಕೇಳಿ, ಅಲ್ಲಿಂದ ಮುಂದಕ್ಕೆ ದುರಸ್ತಿಯ ಆದೇಶಕ್ಕಾಗಿ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೂ ಮೊದಲು ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಆ ರಸ್ತೆಯ ತಪಾಸಣಾ ದಾಖಲೆಗಳನ್ನೂ, ತಪಾಸಣೆಯ ಅವಧಿಯನ್ನೂ ಕೇಳಿ. 20 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕೆಂಬುದು ನಿಯಮ.

ಉತ್ತರ – ಎರಡು ಚಕ್ರ

ಮೇಲಿನ ಇಬ್ಬರೂ ವ್ಯವಸ್ಥೆ ಹೇಗಿದೆ ಎಂಬುದನ್ನು ಚೆನ್ನಾಗಿ ವಿವರಿಸಿದ್ದಾರೆ. ಅದು ಸರಿಯೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲವಾದ್ದರಿಂದ ನಾನು ಎತ್ತುತ್ತೇನೆ.

ಗಾಯದ ಅಪಘಾತಗಳ ದಾಖಲೆ ಎಂದರೆ ಪೊಲೀಸರು ಸ್ಟ್ಯಾಟ್ಸ್19 ಎಂಬ ನಮೂನೆಯಲ್ಲಿ ತುಂಬುವ ಮಾಹಿತಿ. ಯಾರಿಗಾದರೂ ಗಾಯವಾಗಿ, ಅದು ಪೊಲೀಸರ ಗಮನಕ್ಕೆ ಬಂದರೆ ಮಾತ್ರ ಅದರಲ್ಲಿ ಸೇರುತ್ತದೆ. ಕಾರಿನ ಕನ್ನಡಿ ತೋಳಿಗೆ ಸವರಿಕೊಂಡು ಹೋದದ್ದು ಸೇರುವುದಿಲ್ಲ. ಮಗು ಬಿದ್ದು ಮಂಡಿ ತರಚಿಕೊಂಡು ಮನೆಗೆ ಬಂದದ್ದು ಬಹುಮಟ್ಟಿಗೆ ಸೇರುವುದಿಲ್ಲ. ಈ ರಸ್ತೆಯ ಸಹವಾಸವೇ ಬೇಡವೆಂದು ಮಕ್ಕಳನ್ನು ಕಾರಿನಲ್ಲೇ ಶಾಲೆಗೆ ಬಿಡತೊಡಗಿದ ತಾಯ್ತಂದೆಯರಂತೂ ಯಾವ ಲೆಕ್ಕದಲ್ಲಿಯೂ ಇಲ್ಲ. ಹಾಗೆ ನಡೆಯುವವರೂ ಸೈಕಲ್ಲಿನವರೂ ಖಾಲಿಯಾದ ರಸ್ತೆಯಲ್ಲಿ ಅಪಘಾತವೂ ಇರುವುದಿಲ್ಲ, ಆದ್ದರಿಂದ ಕಾಗದದ ಮೇಲೆ ಆ ರಸ್ತೆ ಸುರಕ್ಷಿತ! ಇಂಥ ದಾಖಲೆಗಾಗಿ ಕಾಯುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ಬೆಲೆಯಾಗದಂತೆ ರಸ್ತೆಯನ್ನು ಕಟ್ಟಬೇಕು ಎಂಬ ನೀತಿಯನ್ನು ಸ್ವೀಡನ್ 1997ರಲ್ಲೇ ಅಂಗೀಕರಿಸಿತು. ಇಲ್ಲೇ ಪಕ್ಕದ ವೇಲ್ಸಿನಲ್ಲಿ 2023ರ ಸೆಪ್ಟೆಂಬರ್ 17ರಂದು, ಬೀದಿದೀಪಗಳಿರುವ ಜನವಸತಿ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಲಾಯಿತು. ಯಾವ ಬೀದಿಯಲ್ಲಿ ಎಷ್ಟು ಜನ ಬಿದ್ದರು ಎಂದು ಒಂದೊಂದಾಗಿ ಎಣಿಸಿ ಮಾಡಿದ್ದಲ್ಲ ಅದು. ವಿರೋಧವೂ ಜೋರಾಗಿಯೇ ಬಂತು, ಹಲವು ರಸ್ತೆಗಳ ಮಿತಿಯನ್ನು ಮರುಪರಿಶೀಲಿಸುವ ಪ್ರಸಂಗವೂ ಬಂತು. ಆದರೂ ದಾರಿ ಅದೇ ಎಂಬುದು ನನ್ನ ನಂಬಿಕೆ.

ಉತ್ತರ – ಜಲ್ಲಿಕಲ್ಲು

ಎರಡು ಚಕ್ರದವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೇಜಿನ ಈಚೆಗೆ ಕುಳಿತವರ ಇಕ್ಕಟ್ಟನ್ನೂ ಹೇಳಬೇಕು. 2023ರಲ್ಲಿ ಗ್ರೇಟ್ ಬ್ರಿಟನ್ನಿನ ರಸ್ತೆಗಳಲ್ಲಿ 1,624 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸತ್ತದ್ದು ಶಾಲೆಯ ಮುಂದೆ ಅಲ್ಲ, ಊರಾಚೆಯ ರಸ್ತೆಗಳಲ್ಲಿ. ಇಡೀ ಕೌಂಟಿಗೆ ಇಷ್ಟೇ ಎಂದು ಸಿಗುವ ಸುರಕ್ಷತಾ ಹಣವನ್ನು ಎಲ್ಲಿ ಹಾಕಿದರೆ ಸಾವು ತಪ್ಪೀತು ಎಂದು ನೋಡುವವರು ಮೊದಲು ಆ ರಸ್ತೆಗಳ ಕಡೆ ತಿರುಗಿದರೆ ಅವರನ್ನು ಕಲ್ಲೆದೆಯವರೆನ್ನಲಾಗದು.

ಹೊಳೆದಂಡೆಯವರು ಆ ಪಟ್ಟಿಯಲ್ಲಿ ನುಗ್ಗಲು ಹೆಣಗುವ ಬದಲು ಬೇರೆ ಬಾಗಿಲು ತಟ್ಟಬೇಕು ಎಂಬುದೇ ನನ್ನ ಸಲಹೆ. ರಸ್ತೆಯ ಮೇಲ್ಮೈಯನ್ನು ಹೊಸದಾಗಿ ಹಾಸುವ ಕಾಮಗಾರಿಗೆ ಹೇಗೂ ರಸ್ತೆ ಮುಚ್ಚಬೇಕು, ಶಂಕುಗಳನ್ನೂ ತಾತ್ಕಾಲಿಕ ಸಿಗ್ನಲನ್ನೂ ಇಡಬೇಕು, ಗೆರೆಗಳನ್ನು ಮತ್ತೆ ಬರೆಯಬೇಕು. ಹಳೆಯ ಗೆರೆಗಳನ್ನೇ ಯಥಾವತ್ತಾಗಿ ಬರೆಯಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ವಾಹನಪಥವನ್ನು ಕಿರಿದಾಗಿ ಕಾಣುವಂತೆ ಗೆರೆ ಬದಲಿಸುವುದು, ತಿರುವಿಗೆ ಮುನ್ನ ಎಚ್ಚರಿಕೆ ಬರೆಯುವುದು, ದಾಟುವ ಜಾಗದಲ್ಲಿ ಅಂಚುಗಲ್ಲನ್ನು ಸ್ವಲ್ಪ ಮುಂದಕ್ಕೆ ತರುವುದು, ಇವೆಲ್ಲ ಆಗಲೇ ಸೇರಿಕೊಂಡರೆ ಅಗ್ಗ. ಆಮೇಲೆ ಪ್ರತ್ಯೇಕ ಯೋಜನೆಯಾಗಿ ಮಾಡಹೊರಟರೆ ಅದಕ್ಕೆ ಮತ್ತೆ ರಸ್ತೆ ಮುಚ್ಚಬೇಕು, ಮತ್ತೆ ಹಣ ಹುಡುಕಬೇಕು. ನಿಮ್ಮ ಬಿ ರಸ್ತೆ ಯಾವ ವರ್ಷದ ಪಟ್ಟಿಯಲ್ಲಿದೆ ಎಂದು ಕೌಂಟಿ ಸದಸ್ಯರ ಮೂಲಕ ವಿಚಾರಿಸಿ, ಅದರ ವಿನ್ಯಾಸದ ಹಂತದಲ್ಲೇ ಈ ಬೇಡಿಕೆಗಳನ್ನು ಇಡಿ.

ವೇಗಮಿತಿ ಬದಲಿಸುವುದಾದರೆ ಮೊದಲು ವೇಗ ಸಮೀಕ್ಷೆ ಬೇಕು. ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆಗಳನ್ನು ಬಿಗಿದು, ದೀಪದ ಕಂಬಕ್ಕೆ ಸರಪಳಿ ಹಾಕಿದ ಪೆಟ್ಟಿಗೆಯಲ್ಲಿ ಕೆಲವು ದಿನಗಳ ಲೆಕ್ಕ ಹಿಡಿಯುವುದನ್ನು ನೀವು ನೋಡಿರಬಹುದು. ಸಾರಿಗೆ ಇಲಾಖೆಯ 2013ರ ಸುತ್ತೋಲೆಯ ಪ್ರಕಾರ ವಾಹನಗಳ ಸರಾಸರಿ ವೇಗ ಗಂಟೆಗೆ 24 ಮೈಲಿಯೊಳಗಿದ್ದರೆ ಮಾತ್ರ ಬರಿಯ ಫಲಕಗಳಿಂದ 20ರ ಮಿತಿ ತರುವುದು ಸೂಕ್ತ. ಅದಕ್ಕಿಂತ ಹೆಚ್ಚಿದ್ದರೆ ಉಬ್ಬುಗಳಂಥ ಭೌತಿಕ ತಡೆ ಬೇಕಾಗುತ್ತದೆ. ಉಬ್ಬುಗಳ ಎತ್ತರ 25ರಿಂದ 100 ಮಿಲಿಮೀಟರಿನೊಳಗೆ ಇರಬೇಕೆಂದು 1999ರ ನಿಯಮಗಳು ಹೇಳುತ್ತವೆ. ಆಂಬುಲೆನ್ಸಿನವರು, ಬಸ್ಸಿನವರು, ಉಬ್ಬಿನ ಎದುರು ಮನೆಯಿರುವವರು ಆಕ್ಷೇಪಿಸುವುದು ಖಚಿತ. ವೇಗಮಿತಿಯ ಆದೇಶಕ್ಕೂ 1984ರ ರಸ್ತೆ ಸಂಚಾರ ನಿಯಂತ್ರಣ ಕಾಯಿದೆಯಡಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗೆ 21 ದಿನ ಕೊಡಬೇಕು.

ಇನ್ನೊಂದು ವಿಷಯ. ತಿರುವಿನಾಚೆ ಕಾಣುವುದಿಲ್ಲ ಎಂದು ಬರೆದಿದ್ದೀರಿ. ಒಳಬದಿಯಲ್ಲಿ ಯಾರದಾದರೂ ಬೇಲಿಗಿಡ ರಸ್ತೆಯ ಕಡೆ ಚಾಚಿಕೊಂಡಿದೆಯೇ? ಹಾಗಿದ್ದರೆ 1980ರ ಕಾಯಿದೆಯ 154ನೇ ಕಲಮಿನಂತೆ ಅದನ್ನು ಕತ್ತರಿಸಲು ಮಾಲೀಕರಿಗೆ ಕೌನ್ಸಿಲ್ ನೋಟಿಸು ಕೊಡಬಹುದು. ಇದಕ್ಕೆ ಸಮೀಕ್ಷೆಯೂ ಬೇಡ, ಆದ್ಯತಾ ಪಟ್ಟಿಯೂ ಬೇಡ.

ಪ್ರತಿಕ್ರಿಯೆ – ಹೊಳೆದಂಡೆ

ಎಲ್ಲರಿಗೂ ಕೃತಜ್ಞತೆಗಳು. ಇಂದು ಹೋಗಿ ನೋಡಿದೆ. ಚರಂಡಿಬಾಯಿಯ ಜಾಲರಿ ಮಣ್ಣಿನಡಿ ಅರ್ಧ ಮುಚ್ಚಿಹೋಗಿದೆ. ಗುಂಡಿಯ ಒಂದು ತುದಿ ಹಳೆಯ ಅಗೆತದ ಪಟ್ಟಿಯನ್ನು ತಾಗಿಕೊಂಡಿದೆ, ಆದರೆ ಅದು ಖಾತರಿಯ ಅವಧಿಯೊಳಗಿನದೇ ಎಂಬುದನ್ನು ಕೌನ್ಸಿಲಿನಿಂದ ಕೇಳಿ ತಿಳಿಯಬೇಕು. ಬೇಲಿಗಿಡವೂ ಇದೆ. ಅದರ ಮಾಲೀಕರು ನಮಗೆ ಪರಿಚಿತರಾದ್ದರಿಂದ ನೋಟಿಸಿಗೆ ಮೊದಲು ನಾವೇ ಮಾತನಾಡುತ್ತೇವೆ. ವಾಹನದ ವೇಗವನ್ನು ಬೆಳಗಿ ತೋರಿಸುವ ಫಲಕವನ್ನು ಕೊಳ್ಳಲು ಊರಮಟ್ಟದ ಪ್ಯಾರಿಷ್ ಕೌನ್ಸಿಲ್ ಸಿದ್ಧವಿದೆಯಂತೆ. ಅದರಿಂದ ಏನಾದರೂ ಉಪಯೋಗವಿದೆಯೇ?

ಉತ್ತರ – ಜಲ್ಲಿಕಲ್ಲು

ಇದೆ, ಆದರೆ ಒಂದೇ ಕಂಬದಲ್ಲಿ ಬಹುಕಾಲ ಬಿಟ್ಟರೆ ದಿನನಿತ್ಯದ ಚಾಲಕರಿಗೆ ಅಭ್ಯಾಸವಾಗಿ ಅದರತ್ತ ಕಣ್ಣು ಹಾಯಿಸುವುದನ್ನೇ ಬಿಡುತ್ತಾರೆ. ಆಗಾಗ ಜಾಗ ಬದಲಿಸಬೇಕು. ಕೊಳ್ಳುವಾಗ ವೇಗಗಳನ್ನು ದಾಖಲಿಸಿಟ್ಟುಕೊಳ್ಳುವ ಸೌಲಭ್ಯವಿರುವ ಮಾದರಿಯನ್ನೇ ಆರಿಸಿ, ಏಕೆಂದರೆ ಕೌಂಟಿಯವರನ್ನು ಅಧಿಕೃತ ಸಮೀಕ್ಷೆಗೆ ಒಪ್ಪಿಸುವಾಗ ಆ ಅಂಕಿಗಳು ನಿಮ್ಮ ಕೈಯಲ್ಲಿರಬೇಕು. ಕಂಬಕ್ಕೆ ಕಟ್ಟಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕೆಂಬುದನ್ನು ಪ್ಯಾರಿಷಿನವರಿಗೆ ನೆನಪಿಸಿ. ಪೊಲೀಸರ ಮೇಲ್ವಿಚಾರಣೆಯಲ್ಲಿ ಊರಿನ ಸ್ವಯಂಸೇವಕರೇ ವೇಗ ಅಳೆಯುವ ವ್ಯವಸ್ಥೆಯೂ ಇದೆ. ಅದರಿಂದ ಚಾಲಕರಿಗೆ ಎಚ್ಚರಿಕೆಯ ಪತ್ರ ಹೋಗುತ್ತದೆಯೇ ಹೊರತು ದಂಡ ಬೀಳುವುದಿಲ್ಲ.

ಚರಂಡಿಯ ದೂರನ್ನು ಇಂದೇ ಕೊಡಿ. ಏಪ್ರಿಲಿನಿಂದ ಶುರುವಾಗುವ ವರ್ಷದ ಆಯವ್ಯಯವನ್ನು ಕೌನ್ಸಿಲ್ ಅದಕ್ಕೆ ಮುಂಚಿನ ತಿಂಗಳುಗಳಲ್ಲೇ ಅಂಗೀಕರಿಸುವುದರಿಂದ, ಮರುಹಾಸಿನ ಬಗ್ಗೆ ಕೌಂಟಿ ಸದಸ್ಯರನ್ನು ಶರತ್ಕಾಲ ಕಳೆಯುವುದರೊಳಗೆ ಕಾಣುವುದು ಒಳ್ಳೆಯದು.